ಸ್ವತ್ತನ್ನು ಬಾಡಿಗೆಗೆ ಅಥವಾ ಭೋಗ್ಯಕ್ಕೆ ನೀಡುವ ಮಾಲೀಕರು ಹಾಗೂ ಸ್ಥಿರಾಸ್ತಿಯಲ್ಲಿ ಹಣ ತೊಡಗಿಸುವವರ ಗಮನಕ್ಕೆ

ಬಾಡಿಗೆ ಕರಾರು, ಭೋಗ್ಯ ಹಾಗೂ ಕ್ರಯ ಪತ್ರಗಳ ನೋಂದಣಿಗಾಗಿ ಉಪನೋಂದಣಾಧಿಕಾರಿಗಳ ಕಚೇರಿಗೆ ಬರುವ ಸಾರ್ವಜನಿಕರಲ್ಲಿ ಅನೇಕರು ಪತ್ರದಲ್ಲಿನ ಷರತ್ತುಗಳನ್ನು ಪೂರ್ಣವಾಗಿ ಓದಿರುವುದಿಲ್ಲ. ಬಾಡಿಗೆಯು ಸಕಾಲಕ್ಕೆ ಸಂದಾಯವಾಗುತ್ತಿರುವವರೆಗೆ ಇದರಿಂದ ತೊಂದರೆಯೂ ಕಾಣಿಸುವುದಿಲ್ಲ. ಆದರೆ ವ್ಯಾಪಾರ ಕುಸಿದಾಗ, ಉದ್ಯೋಗ ನಷ್ಟವಾದಾಗ ಅಥವಾ ಸಾಂಕ್ರಾಮಿಕ ರೋಗದಂತಹ ವಿಪತ್ತು ಒದಗಿದಾಗ ಉಭಯ ಪಕ್ಷಗಾರರ ಹಕ್ಕುಬಾಧ್ಯತೆಗಳು ಬಹುಮಟ್ಟಿಗೆ ಪತ್ರದಲ್ಲಿ ಏನು ಬರೆದಿದೆ ಎಂಬುದರ ಮೇಲೆಯೇ ನಿರ್ಧಾರವಾಗುತ್ತವೆ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2020ರ ಲಾಕ್‌ಡೌನ್ ಮತ್ತು ಬಾಡಿಗೆ

2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಬೆಂಗಳೂರಿನಲ್ಲಿ ಅಂಗಡಿಗಳು ಮುಚ್ಚಿದವು, ಪಿ.ಜಿ. ವಸತಿಗೃಹಗಳಲ್ಲಿದ್ದವರು ಊರುಗಳಿಗೆ ಮರಳಿದರು. ಬಾಡಿಗೆ ಮನ್ನಾ ಆಗಿದೆ ಎಂಬ ಭಾವನೆಯೂ ಆಗ ಹರಡಿತ್ತು. ವಾಸ್ತವವಾಗಿ ಕೇಂದ್ರ ಗೃಹ ಸಚಿವಾಲಯವು 2020ರ ಮಾರ್ಚ್ 29ರಂದು ಹೊರಡಿಸಿದ ಆದೇಶವು ಬಾಡಿಗೆ ವಸತಿಯಲ್ಲಿರುವ ವಲಸೆ ಕಾರ್ಮಿಕರೂ ಸೇರಿದಂತೆ ಕಾರ್ಮಿಕರಿಂದ ಒಂದು ತಿಂಗಳ ಅವಧಿಗೆ ಬಾಡಿಗೆ ಕೇಳತಕ್ಕದ್ದಲ್ಲ ಎಂಬುದಾಗಿತ್ತು. ಅದು ಎಲ್ಲ ಬಾಡಿಗೆದಾರರಿಗೆ ನೀಡಿದ ಮನ್ನಾ ಆಗಿರಲಿಲ್ಲ.

ಅಂಗಡಿಯೊಂದರ ಬಾಡಿಗೆಗೆ ಸಂಬಂಧಿಸಿದ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ 21ರಂದು ಈ ವಿಷಯವನ್ನು ವಿವರವಾಗಿ ಪರಿಶೀಲಿಸಿತು. ಅನಿವಾರ್ಯ ಸಂದರ್ಭಗಳಲ್ಲಿ ಬಾಡಿಗೆ ನಿಲ್ಲುತ್ತದೆ ಎಂಬ ಷರತ್ತು ಕರಾರಿನಲ್ಲಿದ್ದರೆ ಅದರಂತೆ ನಡೆಯಬೇಕು; ಷರತ್ತು ಇಲ್ಲದಿದ್ದರೆ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಪ್ರಕರಣ 108 ಅನ್ವಯಿಸುತ್ತದೆ. ಸದರಿ ಪ್ರಕರಣದ ಪ್ರಕಾರ ಬೆಂಕಿ, ಬಿರುಗಾಳಿ, ಪ್ರವಾಹ ಮೊದಲಾದವುಗಳಿಂದ ಕಟ್ಟಡವೇ ನಾಶವಾಗಿರಬೇಕು ಅಥವಾ ಶಾಶ್ವತವಾಗಿ ನಿರುಪಯುಕ್ತವಾಗಿರಬೇಕು. ಕೆಲವು ತಿಂಗಳು ಬಾಗಿಲು ಹಾಕಿದ ಮಾತ್ರಕ್ಕೆ ಬಾಡಿಗೆ ರದ್ದಾಗುವುದಿಲ್ಲ. ಆದರೂ ನ್ಯಾಯಾಲಯವು ಪಾವತಿಗೆ ಕಾಲಾವಕಾಶ ನೀಡಿತು. ಇದು ನಮ್ಮ ರಾಜ್ಯದ ನ್ಯಾಯಾಲಯದ ತೀರ್ಪಲ್ಲ. ಆದರೆ ಅಧಿನಿಯಮವು ಕೇಂದ್ರದ್ದಾಗಿರುವುದರಿಂದ ತಿಳಿದಿರುವುದು ಒಳ್ಳೆಯದು. ವಿಪತ್ತಿನ ಸಂದರ್ಭದಲ್ಲಿ ಬಾಡಿಗೆ ಎಷ್ಟು, ಯಾವಾಗ ಎಂಬ ಒಂದು ವಾಕ್ಯವನ್ನು ಕರಾರಿನಲ್ಲಿ ಸೇರಿಸಲು ಖರ್ಚೇನೂ ಆಗುವುದಿಲ್ಲ.

ಹನ್ನೊಂದು ತಿಂಗಳ ಕರಾರು

ನೋಂದಣಿ ಅಧಿನಿಯಮ, 1908ರ ಪ್ರಕರಣ 17ರ ಮೇರೆಗೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರಗಳ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದಿರುವುದು ಇದರಿಂದಲೇ. ಮನೆ ಬಾಡಿಗೆಗೆ ಇದು ಸಾಕಾಗಬಹುದು. ಅಂಗಡಿ, ಗೋದಾಮು ಅಥವಾ ಕಚೇರಿಯನ್ನು ಐದಾರು ವರ್ಷಗಳಿಗೆ ನೀಡಿ ನೋಂದಣಿ ಮಾಡಿಸದೇ ಇದ್ದಲ್ಲಿ, ಅದೇ ಅಧಿನಿಯಮದ ಪ್ರಕರಣ 49ರಂತೆ ಆ ಪತ್ರದ ಷರತ್ತುಗಳನ್ನು ಸಾಕ್ಷ್ಯವಾಗಿ ಅವಲಂಬಿಸಲು ಕಷ್ಟವಾಗುತ್ತದೆ. ನಿಗದಿತ ಅವಧಿಗೆ ಮುನ್ನ ಬಾಡಿಗೆದಾರರು ಬಿಟ್ಟುಹೋದಾಗ ಮಾಲೀಕರಿಗೆ ನಷ್ಟವಾಗುವುದು ಇಲ್ಲಿಯೇ.

ಮುಂಗಡ ಹಣ ಮತ್ತು ಭೋಗ್ಯ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಬಹುಕಾಲದ ರೂಢಿ. ಉದಾಹರಣೆಗೆ, ತಿಂಗಳಿಗೆ ರೂ.15,000 ಬಾಡಿಗೆಯ ನಾಲ್ಕು ಮನೆಗಳಿದ್ದರೆ ಮಾಲೀಕರ ಬಳಿ ರೂ.6,00,000 ಸೇರುತ್ತದೆ. ಈ ಹಣವನ್ನು ಅನೇಕರು ಮೇಲಂತಸ್ತಿನ ಕಟ್ಟಡಕ್ಕೋ ಸಾಲದ ಕಂತಿಗೋ ಬಳಸಿಬಿಡುತ್ತಾರೆ. ಒಂದು ಮನೆ ಖಾಲಿಯಾದರೆ ಹೊಸ ಬಾಡಿಗೆದಾರರ ಮುಂಗಡದಿಂದ ಹಿಂದಿರುಗಿಸಬಹುದು. ನಾಲ್ಕೂ ಒಂದೇ ತಿಂಗಳಲ್ಲಿ ಖಾಲಿಯಾದರೆ ಬಾಡಿಗೆಯೂ ಇಲ್ಲ, ಮುಂಗಡವೂ ಇಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ಮುಂಗಡವು ಆದಾಯವಲ್ಲ, ಹೊಣೆ. ಕೇಂದ್ರವು 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಅಧಿನಿಯಮದಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಲಾಗಿದೆ. ಮಾದರಿಯಾದ ಕಾರಣ ಅದು ತಾನಾಗಿಯೇ ಯಾವ ರಾಜ್ಯಕ್ಕೂ ಅನ್ವಯವಾಗುವುದಿಲ್ಲ.

ಭೋಗ್ಯದಲ್ಲಿ ಈ ಅಪಾಯವು ಹಲವು ಪಟ್ಟು ಹೆಚ್ಚು. ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಬಡ್ಡಿಯಿಲ್ಲದೆ ಪಡೆದು, ಅವಧಿ ಮುಗಿದ ದಿನ ಪೂರ್ತಿ ಹಿಂದಿರುಗಿಸಬೇಕಾಗುತ್ತದೆ. ಬಹುತೇಕ ಮಾಲೀಕರು ಮುಂದಿನ ಭೋಗ್ಯದಾರರ ಹಣವನ್ನೇ ನಂಬಿರುತ್ತಾರೆ. ಅವರು ಬಾರದಿದ್ದರೆ ಹಳಬರು ಮನೆ ಬಿಡುವುದಿಲ್ಲ, ಬಿಡಬೇಕೆಂದು ಒತ್ತಾಯಿಸುವುದೂ ನ್ಯಾಯವಲ್ಲ.

ಕಾನೂನಿನ ಅಂಶವೂ ಇದೆ. ಇಂತಹ ವ್ಯವಹಾರವು ಸ್ವರೂಪದಲ್ಲಿ ಭೋಗ್ಯ ಅಡಮಾನವಾಗಿದ್ದಲ್ಲಿ, ಮೊತ್ತವು ರೂ.100 ಅಥವಾ ಹೆಚ್ಚಿಗೆ ಇದ್ದರೆ ಇಬ್ಬರು ಸಾಕ್ಷಿಗಳ ದೃಢೀಕರಣದೊಂದಿಗೆ ನೋಂದಾಯಿತ ಪತ್ರವೇ ಆಗಬೇಕು. ಹನ್ನೊಂದು ತಿಂಗಳ ಅವಧಿ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಸ್ವತ್ತನ್ನು ಈಗಾಗಲೇ ಬ್ಯಾಂಕಿಗೆ ಅಡಮಾನ ಮಾಡಿದ್ದರೆ ಮತ್ತಷ್ಟು ಎಚ್ಚರಿಕೆ ಅಗತ್ಯ. ಅಡಮಾನ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದಲ್ಲಿ, ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕರಣ 65ಎ ಮಾಲೀಕರಿಗೆ ಕಟ್ಟಡವನ್ನು ಮೂರು ವರ್ಷ ಮೀರದಂತೆ ಬಾಡಿಗೆಗೆ ನೀಡಲು ಅವಕಾಶ ಕೊಡುತ್ತದೆ. ಆದರೆ ಬಾಡಿಗೆಯನ್ನು ಮುಂಚಿತವಾಗಿ ಪಡೆಯುವಂತಿಲ್ಲ. ಭೋಗ್ಯವು ಈ ಮಿತಿಯೊಳಗೆ ಹೊಂದುವುದು ಕಷ್ಟ. ಕಂತು ತಪ್ಪಿ ಬ್ಯಾಂಕು ಸ್ವತ್ತನ್ನು ವಶಕ್ಕೆ ತೆಗೆದುಕೊಂಡಾಗ ಮನೆ ಕಳೆದುಕೊಳ್ಳುವವರು ಭೋಗ್ಯದಾರರು, ಅವರ ಹಣಕ್ಕೆ ಹೊಣೆಯಾಗಿ ಉಳಿಯುವವರು ಮಾಲೀಕರು. ಆದುದರಿಂದ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಭೋಗ್ಯಕ್ಕೆ ನೀಡದಿರುವುದು ಕ್ಷೇಮ.

ಹೂಡಿಕೆದಾರರಿಗೆ

ನಿರ್ಮಾಣ ಹಂತದ ಯೋಜನೆಗಳಲ್ಲಿ ಹಣ ತೊಡಗಿಸುವವರು ರೇರಾ ನೋಂದಣಿ ಸಂಖ್ಯೆಯನ್ನು ಮೊದಲು ಪರಿಶೀಲಿಸತಕ್ಕದ್ದು. 2016ರ ಸದರಿ ಅಧಿನಿಯಮದಂತೆ ಖರೀದಿದಾರರಿಂದ ಬಂದ ಹಣದ ಶೇ.70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ.10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಆದರೂ ವಿಳಂಬ ಸಾಧ್ಯ: ಕೋವಿಡ್ ಕಾರಣದಿಂದ 2020ರಲ್ಲಿ ಯೋಜನೆಗಳಿಗೆ ಆರು ತಿಂಗಳ ವಿಸ್ತರಣೆ ನೀಡಲು ಕೇಂದ್ರವು ಸೂಚಿಸಿತ್ತು. ಮನೆ ಕೈಸೇರುವ ಮುನ್ನವೇ ಅದರ ಬಾಡಿಗೆಯಿಂದ ಕಂತು ಕಟ್ಟುವ ಲೆಕ್ಕ ಹಾಕಿದವರಿಗೆ ಆರು ತಿಂಗಳು ಅಲ್ಪ ಅವಧಿಯಲ್ಲ.

ಬೆಲೆ ಇಳಿದಿದೆ ಎಂದು ಜಿ.ಪಿ.ಎ. ಆಧಾರದ ಮೇಲೆ ನಿವೇಶನ ಖರೀದಿಸುವುದು ಸರಿಯಲ್ಲ. ಅದರಿಂದ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪು ನೀಡಿದೆ.

ಅರ್ಜಿ ಸಲ್ಲಿಸುವ ಮುನ್ನ

ಋಣಭಾರ ಪ್ರಮಾಣ ಪತ್ರಕ್ಕೆ ಕಾವೇರಿ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ವ್ಯವಹಾರಗಳು ದಾಖಲಾಗಿದ್ದಲ್ಲಿ ನಮೂನೆ 15ರಲ್ಲಿ, ಇಲ್ಲದಿದ್ದಲ್ಲಿ ನಮೂನೆ 16ರಲ್ಲಿ ನೀಡಲಾಗುತ್ತದೆ. ನಮೂನೆ 16 ಬಂದ ಮಾತ್ರಕ್ಕೆ ಸ್ವತ್ತು ನಿರಾತಂಕ ಎಂದು ಭಾವಿಸಬಾರದು. ನೋಂದಣಿಯಾಗದ ಭೋಗ್ಯ, ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಪಡೆದು ನೋಂದಣಿಯಾಗದ ಸಾಲ, ಮೌಖಿಕ ಬಾಡಿಗೆ ಇವು ಅದರಲ್ಲಿ ಕಾಣಿಸುವುದಿಲ್ಲ. ಬ್ಯಾಂಕ್ ಸಾಲದ ಬಗ್ಗೆ ಸೆರ್ಸಾಯ್ ಜಾಲತಾಣದಲ್ಲಿಯೂ, ವಾಸವಿರುವವರ ಬಗ್ಗೆ ಸ್ಥಳದಲ್ಲಿಯೂ ವಿಚಾರಿಸತಕ್ಕದ್ದು. ನೋಂದಣಾಧಿಕಾರಿಗಳು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಮಾರಾಟಗಾರರ ಹಕ್ಕಿಗೆ ಖಾತರಿ ನೀಡುವುದಿಲ್ಲ. ಮೂಲ ಪತ್ರಗಳನ್ನು ವಕೀಲರಿಗೆ ತೋರಿಸುವ ಕಾರ್ಯವನ್ನು ಮುಂಗಡ ಹಣ ನೀಡುವ ಮೊದಲೇ ಪೂರೈಸಿಕೊಳ್ಳಲು ಕೋರಲಾಗಿದೆ.