ಓದಿ ಹಾಕಿದ ಸಹಿ

ಕರಿಘಟ್ಟದ ತಪ್ಪಲಲ್ಲಿ, ಲೋಕಪಾವನಿ ಹೊಳೆ ಮಗ್ಗುಲಿಗೆ ನಮ್ಮ ಗದ್ದೆ. ಕೆಲವು ವರ್ಷಗಳ ಹಿಂದೆ ಕಬ್ಬಿಗೆ ನೀರು ಕಟ್ಟುತ್ತಿದ್ದಾಗ ಪೊಲೀಸ್ ಜೀಪು ಬಂದು ನಿಂತಿತು. "ಬನ್ನಿ ಗೌಡ್ರೆ, ಪಂಚರಾಗಿ ಒಂದು ಸೈನ್ ಹಾಕ್ಬುಡಿ" ಅಂದರು ದಫೇದಾರರು. ಪಂಪ್‌ಸೆಟ್ಟಿನ ಕೇಬಲ್ ಕದ್ದವನೊಬ್ಬ ಬಚ್ಚಿಟ್ಟ ಜಾಗ ತೋರಿಸುತ್ತಾನಂತೆ. ನಾನೂ ನಮ್ಮೂರಿನ ಇನ್ನೊಬ್ಬನೂ ಹೋದೆವು.

ಆರೋಪಿ ಕಬ್ಬಿನ ತರಗು ಸರಿಸಿದ. ಅಡಿಯಲ್ಲಿ ಮೂರು ಸುರುಳಿ ಕೇಬಲ್. ಅಳೆದರು, ಕಟ್ಟಿದರು, ನಮ್ಮಿಬ್ಬರ ಸಹಿಯ ಚೀಟಿ ಅಂಟಿಸಿ ಅರಗಿನ ಮೊಹರು ಒತ್ತಿದರು. ಕೊನೆಗೆ, ಕಂಡದ್ದನ್ನೆಲ್ಲ ಬರೆದ ಮಹಜರು. ಕನ್ನಡಕ ಮನೆಯಲ್ಲಿತ್ತು, ಓದಿ ಹೇಳಿ ಅಂದೆ. ಬೆಳಿಗ್ಗೆ 9 ಗಂಟೆ ಎಂದು ಬರೆದಿತ್ತು. ಆಗಲೇ 11 ದಾಟಿತ್ತು. ಗೊಣಗುತ್ತಲೇ ಹೊಡೆದುಹಾಕಿ ತಿದ್ದಿದರು; ಪಕ್ಕದಲ್ಲಿ ನನ್ನ ಚಿಕ್ಕ ಸಹಿ.

ಸಾಕ್ಷಿಯಷ್ಟೇ ಅಲ್ಲ, ತೀರ್ಪನ್ನೂ ನಮ್ಮಂಥ ಸಾಮಾನ್ಯ ಜನರೇ ಹೇಳುವ ಜ್ಯೂರಿ ನಮ್ಮ ದೇಶದಲ್ಲೂ ಹಿಂದೆ ಇತ್ತು. ಮುಂಬೈಯ ನಾನಾವತಿ ಕೊಲೆ ಮೊಕದ್ದಮೆಯಲ್ಲಿ, 1959ರಲ್ಲಿ, ಒಂಬತ್ತು ಜನ ಜ್ಯೂರಿಗಳ ಪೈಕಿ ಎಂಟು ಮಂದಿ ಆರೋಪಿ ನಿರ್ದೋಷಿ ಎಂದರು. ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ತಪ್ಪಿತಸ್ಥ ಯಾರೆಂದು ಹೇಳುವ ಅಧಿಕಾರ ನಮ್ಮಂಥವರಿಗೆ ಈಗಿಲ್ಲ. ಕಂಡದ್ದನ್ನು ಹೇಳುವ ಹೊಣೆ ಮಾತ್ರ ಇದೆ.

ಪೊಲೀಸರು ಶೋಧ ನಡೆಸುವಾಗ ಆ ಸೀಮೆಯ, ಯಾರ ಕಡೆಗೂ ಸೇರದ ಇಬ್ಬರಾದರೂ ಮರ್ಯಾದಸ್ಥರು ಎದುರಿರಬೇಕು; ಅವರೇ ಪಂಚರು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 100ನೇ ಸೆಕ್ಷನ್ ಹೇಳುತ್ತಿದ್ದುದನ್ನು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103 ಹೇಳುತ್ತದೆ. ಲಿಖಿತ ಆದೇಶ ಕೊಟ್ಟು ಕರೆದರೂ ಸಕಾರಣವಿಲ್ಲದೆ ಒಲ್ಲೆ ಎಂದರೆ ಅಪರಾಧ. ಶೋಧವನ್ನೂ ಜಪ್ತಿಯನ್ನೂ ವಿಡಿಯೊ ಮಾಡಬೇಕು ಎಂಬುದು ಹೊಸ ಸೇರ್ಪಡೆ.

ಮೂರು ವರ್ಷದ ಮೇಲೆ ಶ್ರೀರಂಗಪಟ್ಟಣದ ಕೋರ್ಟಿನಿಂದ ಸಮನ್ಸು ಬಂತು. "ಕೋರ್ಟು ಕಚೇರಿ ಸವಾಸ ಯಾಕ್ ಬೇಕಿತ್ತು?" ಎಂದಳು ಹೆಂಡತಿ. ಎರಡು ಸಲ ಹೋಗಿ ಮುಂದಿನ ತಾರೀಖು ಹಿಡಿದು ಬಂದೆ. ಮೂರನೇ ಸಲ ಕೂಗಿದರು. ನನಗಿಂತ ಮೊದಲು ಕಟಕಟೆ ಹತ್ತಿದ ಇನ್ನೊಬ್ಬ ಪಂಚ, "ಪೊಲೀಸ್ನೋರು ಹೇಳಿದ ಕಡೆ ಸೈನ್ ಹಾಕ್ದೆ, ಇನ್ನೇನೂ ಗೊತ್ತಿಲ್ಲ" ಎಂದು ಇಳಿದುಬಿಟ್ಟ. ಆರೋಪಿಯ ಕಡೆಯವರು ಸಂತೆಯಲ್ಲಿ ವಾರವಾರವೂ ಎದುರಾಗುವವರು. ಆ ಪಂಚನ ಕಷ್ಟ ನನಗೆ ಗೊತ್ತು.

ಪಾಟೀಸವಾಲಿನಲ್ಲಿ ವಕೀಲರು ನನಗೂ ಅದೇ ಗಾಳ ಹಾಕಿದರು: "ಠಾಣೆಯಲ್ಲಿ ಕೂತು, ಓದದೆ ಸಹಿ ಹಾಕಿದ್ರಿ ಅಲ್ವಾ?" ಮಹಜರಿನಲ್ಲಿ 9 ಹೊಡೆದು 11 ಮಾಡಿದ್ದನ್ನು ತೋರಿಸಿದೆ. "ಓದಿಸ್ಕೊಳ್ದೆ ಹೆಂಗೆ ತಿದ್ಸಲಿ ಸ್ವಾಮಿ?"

ಆರೋಪಿಯೇ ಕದ್ದದ್ದಾ ಎಂದೂ ಕೇಳಿದರು. ಕದ್ದದ್ದು ನಾನು ನೋಡಿಲ್ಲ, ತರಗು ಸರಿಸಿ ತೋರಿಸಿದ್ದು ನೋಡಿದ್ದೇನೆ ಎಂದೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು.

ಮೊನ್ನೆ ಮತ್ತೆ ಜೀಪು ಬಂತು. ಬರ್ತೀನಿ ಇರಿ ಎಂದು ಒಳಗೆ ಹೋಗಿ ಕನ್ನಡಕ ತಗೊಂಡೆ.