ಶಿರಹಟ್ಟಿಯ ಥಂಡಿ, ಕುಂಡದ ಆಲ

ದೀಪಾವಳಿ ಮುಗಿದು ಹಿಂಗಾರಿ ಕಡಲೆ ಮೊಳೆಯುವ ಹೊತ್ತಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯತೊಡಗುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಹಿಮಕ್ಕೆ ಬೆನ್ನುಹಾಕಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಇವುಗಳಿಂದಲೇ ಹೆಸರಾದ ಕೆರೆ 2024ರಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಮನೆಯ ಮಾಳಿಗೆ ಮೇಲೆ ಬೋನ್ಸಾಯ್ ಬೆಳೆಸುವವರು ಈ ಹಕ್ಕಿಗಳನ್ನು ನೋಡಿ ಒಂದು ಮಾತು ನೆನಪಿಟ್ಟುಕೊಳ್ಳಬೇಕು: ಚಳಿಗಾಲದ ಆರೈಕೆ ಎಂದು ಪುಸ್ತಕ, ವಿಡಿಯೊಗಳು ಹೇಳುವುದರಲ್ಲಿ ಬಹುಪಾಲು ಹೆಬ್ಬಾತು ಬಿಟ್ಟುಬಂದ ಸೀಮೆಯದು, ಬಂದಿಳಿದ ಸೀಮೆಯದಲ್ಲ.

ಆ ಸೀಮೆಯಲ್ಲಿ ಕುಂಡದ ಮಣ್ಣೇ ಹೆಪ್ಪುಗಟ್ಟಿ ಬೇರು ಸಾಯುತ್ತದೆ. ಅದಕ್ಕೆ ಕುಂಡವನ್ನು ನೆಲದಲ್ಲಿ ಹೂಳುತ್ತಾರೆ, ಗಾಜಿನ ಗೂಡಿನಲ್ಲಿ ಇಡುತ್ತಾರೆ. ಅಲ್ಲಿನ ಮೇಪಲ್, ಪೈನ್ ಮರಗಳಿಗೆ ಆ ಚಳಿ ಬೇಕು ಕೂಡ. ತಿಂಗಳುಗಟ್ಟಲೆ ನಿದ್ದೆ ಮಾಡದಿದ್ದರೆ ಮುಂದಿನ ವರ್ಷದ ಚಿಗುರು ಸೊರಗುತ್ತದೆ. ಶಿರಹಟ್ಟಿಯಲ್ಲಿ ಡಿಸೆಂಬರಿನ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಊರಿಗೆ ಊರೇ ಕಂಬಳಿ ಹೊದ್ದುಕೊಳ್ಳುತ್ತದೆ. ಮಧ್ಯಾಹ್ನ ಮತ್ತೆ 30ರ ಹತ್ತಿರ. ಮೇಪಲ್ ತಂದು ಇಲ್ಲಿ ಸಾಕುವುದು ಹಟವೇ ಹೊರತು ಹವ್ಯಾಸವಲ್ಲ.

ಕುಂಡದಲ್ಲಿ ಮರವನ್ನು ಕುಬ್ಜವಾಗಿಡುವ ವಿದ್ಯೆ ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಕ್ರಿ.ಶ. 706ರ ಸುಮಾರಿನ ರಾಜಕುಮಾರನೊಬ್ಬನ ಸಮಾಧಿಯ ಭಿತ್ತಿಚಿತ್ರದಲ್ಲಿ ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆ ಹಿಡಿದು ನಿಂತ ಸೇವಕರಿದ್ದಾರೆ. ಅದನ್ನು ಪಳಗಿಸಿ ಲೋಕಕ್ಕೆ ಹಂಚಿದವರು ಜಪಾನೀಯರು. 1923ರ ಭೂಕಂಪದಲ್ಲಿ ಟೋಕಿಯೊ ನೆಲಕಚ್ಚಿದ ಮೇಲೆ ಅಲ್ಲಿನ ಬೋನ್ಸಾಯ್ ಕಸುಬುದಾರರು ಓಮಿಯಾ ಎಂಬಲ್ಲಿಗೆ ಹೋಗಿ, 1925ರಲ್ಲಿ ತಮ್ಮದೇ ಒಂದು ಹಳ್ಳಿ ಕಟ್ಟಿಕೊಂಡರು. ನಮ್ಮಲ್ಲಿ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ತೋಟವಿದೆ. ಅದಕ್ಕಿಂತ ದೊಡ್ಡದು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ. 2016ರಲ್ಲಿ ಅಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಬೋನ್ಸಾಯ್ ಮರಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಹೊಸದಾಗಿ ಕೈಹಾಕುವವರು ದುಡ್ಡು ಕೊಟ್ಟು ಗಿಡ ಕೊಳ್ಳುವ ಮೊದಲು ಅಲ್ಲೊಂದು ದಿನ ಅಡ್ಡಾಡಿ ಬರುವುದು ಲೇಸು. ಯಾವ ಮರ ನಮ್ಮ ಬಿಸಿಲಿಗೆ ಒಗ್ಗುತ್ತದೆ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಬಯಲುಸೀಮೆಗೆ ಒಗ್ಗುವವು ಆಲ, ಅರಳಿ, ಬಸರಿ, ಹುಣಸೆ, ಬೋಗನ್‌ವಿಲ್ಲಾ, ಜೇಡ್ ಗಿಡ. ಆಲ, ಅರಳಿಯ ಸಸಿಗೆ ನರ್ಸರಿಯೂ ಬೇಕಿಲ್ಲ. ಹಾಳುಬಾವಿಯ ಕಲ್ಲುಸಂದಿ, ಹಳೆಯ ಮೇಲ್ಮುದ್ದಿ ಮನೆಯ ಗೋಡೆ, ಎಲ್ಲಿ ನೋಡಿದರೂ ಹಕ್ಕಿ ಬಿತ್ತಿದ ಸಸಿ ಇದ್ದೇ ಇರುತ್ತದೆ. ಕಿತ್ತರೆ ಗೋಡೆಯೂ ಉಳಿಯುತ್ತದೆ, ಮಾಲೀಕರೂ ಖುಷಿಪಡುತ್ತಾರೆ. ಕಪ್ಪತಗುಡ್ಡದ ಕಲ್ಲಿಳಿಜಾರಿನಲ್ಲಿ ಬರ, ಗಾಳಿ, ಆಡಿನ ಬಾಯಿ ಮೂರೂ ಸೇರಿ ತಿದ್ದಿದ ಗಿಡ್ಡ ಗಿಡಗಳನ್ನು ಕಂಡು ಆಸೆಪಡುವವರಿದ್ದಾರೆ. ಅದಕ್ಕೆ ಮಾತ್ರ ಕೈಹಚ್ಚಬಾರದು. 2019ರಿಂದ ಅದು ವನ್ಯಜೀವಿ ಧಾಮ, ಗಿಡ ಕೀಳುವುದು ಅಪರಾಧ. ಕಾನೂನು ಇಲ್ಲದಿದ್ದರೂ, ಗುಡ್ಡದ ಮೇಲೆ ಅಷ್ಟು ವರ್ಷ ಏಗಿದ ಗಿಡ ಕುಂಡಕ್ಕೆ ಬಂದು ಬದುಕುವುದು ಅಪರೂಪ.

ಇನ್ನು ಥಂಡಿಯ ವಿಷಯ. ಇಲ್ಲಿ ಮಾಗಿಯ ಶತ್ರು ಚಳಿಯಲ್ಲ, ಮೂಡಗಾಳಿ. ಹಿಂಗಾರು ಮಳೆ ನಿಂತ ಮೇಲೆ ಬೀಸುವ ಈ ಒಣಗಾಳಿ ಜನರ ತುಟಿ, ಹಿಮ್ಮಡಿ ಒಡೆಸಿದಷ್ಟೇ ಸಲೀಸಾಗಿ ಎಲೆಯ ಅಂಚನ್ನೂ ಸುಡುತ್ತದೆ. ತಣ್ಣಗಾದ ಬೇರು ನೀರು ಎಳೆಯುವುದು ನಿಧಾನ, ಗಾಳಿ ಎಲೆಯಿಂದ ನೀರು ಹೀರುವುದು ಜೋರು. ಕುಂಡದ ಆಳವೋ ಎರಡು, ಮೂರು ಅಂಗುಲ. ‘ಚಳಿಗಾಲದಲ್ಲಿ ನೀರು ಕಡಿಮೆ ಹಾಕಿ’ ಎಂಬ ಉಪದೇಶ ನಂಬಿ ಆಲವನ್ನು ಒಣಗಿಸಿಕೊಂಡವರೂ, ದಿನಾ ಸಂಜೆ ತಪ್ಪದೆ ಸುರಿದು ಬೇರು ಕೊಳೆಸಿದವರೂ ಇಬ್ಬರೂ ಸಿಗುತ್ತಾರೆ. ಲೆಕ್ಕ ಬೇಡ, ಊದಿನಕಡ್ಡಿ ಉರಿದು ಉಳಿದ ತುದಿಯನ್ನು ಮಣ್ಣಿಗೆ ಚುಚ್ಚಿ ತೆಗೆಯಿರಿ. ಒಣಗಿ ಬಂದರೆ ಮಾತ್ರ ನೀರು, ಅದೂ ಬೆಳಿಗ್ಗೆ ಬಿಸಿಲೇರಿದ ಮೇಲೆ, ಕೆಳಗಿನ ತೂತಿನಿಂದ ಹರಿದು ಹೋಗುವಷ್ಟು. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಹಿಡಿದಿಟ್ಟ ಮಳೆನೀರು ಇದ್ದರೆ ಅದನ್ನು ಈ ತಿಂಗಳುಗಳಿಗೆ ಉಳಿಸಿಕೊಳ್ಳಬೇಕು.

ಮಣ್ಣಿನದೂ ಪಾತ್ರವಿದೆ. ಊರ ಸುತ್ತಲಿನ ಎರಿ ಮಣ್ಣು ಜೋಳಕ್ಕೆ, ಕಡಲೆಗೆ ಚಿನ್ನ. ಕುಂಡದಲ್ಲಿ ಅದು ಒಣಗಿ ಬಿರಿಯುವಾಗ ಎಳೆ ಬೇರನ್ನೂ ಹರಿಯುತ್ತದೆ. ಮಸಾರಿ ಮಣ್ಣಿಗೆ ಜರಡಿ ಹಿಡಿದ ಇಟ್ಟಂಗಿ ಚೂರು, ದಪ್ಪ ಉಸುಕು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿದರೆ ನೀರು ನಿಲ್ಲುವುದಿಲ್ಲ.

ಹೆಚ್ಚಿನವರು ಮರೆಯುವುದು ಸೂರ್ಯನನ್ನು. ಏಪ್ರಿಲ್ ಕೊನೆಗೆ ನೆತ್ತಿಯ ಮೇಲೆ ಉರಿಯುವವನು ಡಿಸೆಂಬರ್ 21ರ ಮಧ್ಯಾಹ್ನ ಶಿರಹಟ್ಟಿಯಲ್ಲಿ ಸುಮಾರು 51 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಮಾಳಿಗೆಯ ದಕ್ಷಿಣದ ಮೂರಡಿ ಗೋಡೆ ನಡುಮಧ್ಯಾಹ್ನವೂ ಎರಡು ಅಡಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು ಬೀಳುತ್ತಿದ್ದ ಜಾಗ ಎಂದು ಕುಂಡವನ್ನು ಅಲ್ಲೇ ಬಿಟ್ಟರೆ ಮರ ತಿಂಗಳುಗಟ್ಟಲೆ ನೆರಳಲ್ಲಿ ಕೂರುತ್ತದೆ, ಮಣ್ಣು ಆರುವುದಿಲ್ಲ, ಎಲೆ ಹಳದಿಯಾಗಿ ಉದುರುತ್ತದೆ. ಥಂಡಿಯಲ್ಲಿ ಕುಂಡಗಳ ಜಾಗ ಉತ್ತರದ ಗೋಡೆಯ ಬುಡ. ಗೋಡೆ ಹಗಲಿನ ಬಿಸಿಯನ್ನು ರಾತ್ರಿ ಒಂದಿಷ್ಟು ಹೊತ್ತು ಹಿಡಿದಿಡುತ್ತದೆ. ಮೂಡಣಕ್ಕೆ ಕುಂಡದ ಎತ್ತರಕ್ಕೊಂದು ಹಳೆಯ ಗೋಣಿತಟ್ಟು ಕಟ್ಟಿದರೆ ಗಾಳಿಗೆ ಅಷ್ಟೇ ಸಾಕು.

ಗೊಬ್ಬರವನ್ನು ಈ ಕಾಲದಲ್ಲಿ ಕೈಬಿಡಬಹುದು. ಎಲೆಯ ಕೆಳಗೆ ನುಸಿ, ಗೆಣ್ಣಿನಲ್ಲಿ ಹಿಟ್ಟು ತಿಗಣೆ ಕಂಡರೆ ಬೇವಿನೆಣ್ಣೆ ಸಿಂಪಡಿಸಿದರಾಯಿತು. ಕೊಂಬೆಗೆ ಸುತ್ತಿದ ತಂತಿ ಇದ್ದರೆ ಇರಲಿ, ಬೆಳವಣಿಗೆ ನಿಧಾನವಾದ್ದರಿಂದ ಬೇಗ ಕಚ್ಚುವುದಿಲ್ಲ.

ಕೆಲವು ಗಿಡಗಳಿಗೆ ಬಾಯಾರಿಕೆಯೇ ಮದ್ದು. ಬೋಗನ್‌ವಿಲ್ಲಾಕ್ಕೆ ಹಗಲು ಕಿರಿದಾದಾಗ, ಎಲೆ ತುಸು ಬಾಡುವವರೆಗೂ ನೀರು ತಡೆದರೆ ಜನವರಿಯಲ್ಲಿ ಎಲೆ ಕಾಣದಷ್ಟು ಹೂ. ಜೇಡ್ ಗಿಡ ಮಣ್ಣು ಪೂರ್ತಿ ಒಣಗಿದ ಮೇಲೂ ಎರಡು ದಿನ ಕಾಯುತ್ತದೆ. ಆಲವನ್ನು ಹೀಗೆ ಪರೀಕ್ಷಿಸಬೇಡಿ.

ಅರಳಿಯದು ಬೇರೆಯೇ ನಡೆ. ಶಿವರಾತ್ರಿಯ ಹೊತ್ತಿಗೆ, ಚಳಿ ಹೋಗುವಾಗ, ಅದು ಎಲೆಯೆಲ್ಲ ಕಳಚಿ ಬೋಳಾಗುತ್ತದೆ. ಸತ್ತಿತೆಂದು ಕುಂಡ ಖಾಲಿ ಮಾಡುವವರುಂಟು. ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ, ಚಿಗುರೊಡೆಯುವ ಮೊದಲಿನ ಈ ಕೆಲವು ದಿನಗಳೇ ಅದರ ಬೇರು ಕತ್ತರಿಸಿ ಮಣ್ಣು ಬದಲಿಸಲು ಸರಿಯಾದ ಹೊತ್ತು. ಆಲ, ಹುಣಸೆಗಳ ಬೇರಿಗೆ ಕತ್ತರಿ ಹಾಕಲು ಮುಂಗಾರಿನ ಮೊದಲ ಮಳೆಯವರೆಗೆ ಕಾಯಬೇಕು.