ದುಷ್ಟಸತ್ತ್ವಗಳ ಆಧುನಿಕ ಪುರಾಣ: ಒಂದು ಆಟದ ಗ್ರಂಥಗಳಿಂದ

ಪುರಾಣಗಳು ಬೆಳೆಯುವ ಕ್ರಮವನ್ನು ಅಭ್ಯಾಸಮಾಡುವವರಿಗೆ ಎದುರಾಗುವ ಮುಖ್ಯ ತೊಡಕೆಂದರೆ, ಬೆಳವಣಿಗೆಯ ನಡುವಣ ಹಂತಗಳು ನಷ್ಟವಾಗಿರುವುದು. ಸ್ಥಳಪುರಾಣವೊಂದರಲ್ಲಿ ಊರಿನ ಹೆಸರು ಮೊದಲೊ, ಆ ಹೆಸರನ್ನು ವಿವರಿಸುವ ಕಥೆ ಮೊದಲೊ ಎಂಬುದನ್ನು ಶಾಸನಾಧಾರವಿಲ್ಲದೆ ನಿರ್ಧರಿಸುವುದು ಕಷ್ಟ. ಈ ತೊಡಕಿಲ್ಲದ ಪುರಾಣರಾಶಿಯೊಂದು ಇತ್ತೀಚಿನ ಅರ್ಧ ಶತಮಾನದಲ್ಲಿ ಬೆಳೆದಿದೆ. ಅದರ ಒಂದೊಂದು ಹಂತವೂ ಇಸವಿಸಹಿತವಾಗಿ ಅಚ್ಚಿನಲ್ಲಿ ದೊರೆಯುತ್ತದೆ. ಅಮೆರಿಕದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಗ್ರಂಥಗಳಲ್ಲಿರುವ ದುಷ್ಟಸತ್ತ್ವಗಳ ವೃತ್ತಾಂತವೇ ಅದು. ಆಟದ ಪುಸ್ತಕವನ್ನು ಚರಿತ್ರೆಯ ಆಕರವಾಗಿ ಎಣಿಸುವುದು ಕೆಲವರಿಗೆ ಲಘುವಾಗಿ ಕಾಣಬಹುದು. ನಮಗೆ ಹಾಗೆ ಕಾಣುವುದಿಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟವನ್ನು ೧೯೭೪ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಪಟ್ಟಣದ ಟಿ.ಎಸ್.ಆರ್. ಸಂಸ್ಥೆಯವರು ಪ್ರಕಟಿಸಿದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ತಲೆಗೊಂದು ಪಾತ್ರ ವಹಿಸುತ್ತಾರೆ. ಒಬ್ಬನು ನಿರ್ವಾಹಕನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಸಂದಿಗ್ಧ ಬಂದೆಡೆ ದಾಳ ತೀರ್ಮಾನಿಸುತ್ತದೆ. ಪಾತ್ರಗಳು ಎದುರಿಸಬೇಕಾದ ಜೀವಿಗಳನ್ನು ವಿವರಿಸಲು ಪ್ರತ್ಯೇಕ ಗ್ರಂಥಗಳುಂಟು. ಅವುಗಳ ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ವಿವರಣೆ ತಿದ್ದುಪಡಿಗೆ ಒಳಗಾಗಿದೆ.

೧೯೭೬ರ ‘ಎಲ್ಡ್ರಿಚ್ ವಿಝರ್ಡ್ರಿ’ ಎಂಬ ಅನುಬಂಧದಲ್ಲಿ ಡೀಮನ್‌ಗಳೂ, ೧೯೭೭ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ನಲ್ಲಿ ಅವುಗಳ ಜೊತೆಗೆ ಡೆವಿಲ್‌ಗಳೂ ಕಾಣಿಸಿಕೊಂಡುವು. ಕನ್ನಡದಲ್ಲಿ ಎರಡನ್ನೂ ಪಿಶಾಚಿಯೆಂದೇ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿಯೂ ಈ ಪದಗಳ ನಡುವೆ ಖಚಿತವಾದ ಗೆರೆಯಿರಲಿಲ್ಲ. ಗೈಗ್ಯಾಕ್ಸನು ಅದನ್ನು ಎಳೆದನು. ಈ ಆಟದಲ್ಲಿ ಪ್ರತಿಯೊಂದು ಜೀವಿಯ ಸ್ವಭಾವವನ್ನೂ ಒಳಿತು-ಕೆಡಕು, ಕಟ್ಟಳೆ-ಅರಾಜಕತೆ ಎಂಬ ಎರಡು ಅಳತೆಗಳಿಂದ ಗುರುತಿಸುವುದು ವಾಡಿಕೆ. ಡೆವಿಲ್‌ಗಳು ಕೆಟ್ಟವಾದರೂ ಕಟ್ಟಳೆಗೆ ಒಳಪಟ್ಟು, ಒಂಬತ್ತು ನರಕಗಳಲ್ಲಿ ಅಧಿಕಾರಶ್ರೇಣಿ ಕಟ್ಟಿಕೊಂಡಿರತಕ್ಕವು. ಡೀಮನ್‌ಗಳು ಅಗಾಧ ಪಾತಾಳದಲ್ಲಿ ಯಾವ ಕಟ್ಟಳೆಯೂ ಇಲ್ಲದೆ ಇರತಕ್ಕವು. ಆಗ ಇದು ಕೋಷ್ಟಕದ ಒಂದು ವಿಭಾಗ ಮಾತ್ರ. ಹೆಸರುಗಳನ್ನಂತೂ ಆತ ಸಿಕ್ಕಲ್ಲಿಂದ ಆಯ್ದುಕೊಂಡನು. ಆರ್ಕಸ್ ರೋಮನರ ಮೃತ್ಯುಲೋಕದ ದೇವತೆ, ಗೆರಿಯನ್ ದಾಂತೆಯ ನರಕದಲ್ಲಿ ಬರುವವನು. ಡೆಮೊಗಾರ್ಗನ್ ಎಂಬ ಹೆಸರು ಸ್ಟೇಷಿಯಸ್ ಕವಿಯ ಕಾವ್ಯದ ಒಂದು ಹಳೆಯ ವ್ಯಾಖ್ಯಾನದಲ್ಲಿ ಗ್ರೀಕ್ ಶಬ್ದವೊಂದು ಅಪಭ್ರಷ್ಟವಾದುದರಿಂದ ಹುಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುತ್ತಾರೆ; ೧೪ನೆಯ ಶತಮಾನದಲ್ಲಿ ಬೊಕಾಚಿಯೊ ಇವನನ್ನು ದೇವತೆಗಳ ಮೂಲಪುರುಷನ ಸ್ಥಾನದಲ್ಲಿ ಕೂರಿಸಿದನು. ಲಿಪಿಕಾರನ ಕೈತಪ್ಪಿನಿಂದ ದೇವತೆಯೊಂದು ಜನಿಸಿದುದು ಹಸ್ತಪ್ರತಿಗಳೊಡನೆ ಹೆಣಗಿದ ನಮ್ಮಂಥವರಿಗೆ ಆಶ್ಚರ್ಯವಲ್ಲ.

ಇಂಥ ಆಕಸ್ಮಿಕಗಳು ಆಟದೊಳಗೂ ನಡೆದುವು. ಟೋಲ್ಕಿನ್ನನ ಕಥೆಗಳಿಂದ ಎತ್ತಿಕೊಂಡಿದ್ದ ಬಾಲ್‌ರಾಗ್ ಎಂಬ ಹೆಸರನ್ನು ಹಕ್ಕುದಾರರ ಆಕ್ಷೇಪಣೆಯ ಮೇಲೆ ಕೈಬಿಡಬೇಕಾಯಿತು. ಆ ಜೀವಿಗೆ ೧೯೭೭ರ ಗ್ರಂಥದಲ್ಲಿ ‘ಆರನೆಯ ಬಗೆ’ ಎಂಬುದೇ ಹೆಸರು. ಬೇಲಾರ್ ಎಂಬುದು ಆ ಬಗೆಗೆ ಸೇರಿದ ಒಂದು ವ್ಯಕ್ತಿಯ ಅಂಕಿತ. ಮುಂದಿನ ಲೇಖಕರು ಬರಿಯ ಸಂಖ್ಯೆಯಿಂದ ತೃಪ್ತರಾಗದೆ ವ್ಯಕ್ತಿನಾಮವನ್ನೇ ಜಾತಿನಾಮ ಮಾಡಿದರು.

ಇದಕ್ಕಿಂತ ದೊಡ್ಡ ಮಾರ್ಪಾಟು ಭೀತಿಯಿಂದ ಬಂದಿತು. ೧೯೮೨ರಲ್ಲಿ ವರ್ಜೀನಿಯಾದ ಹುಡುಗನೊಬ್ಬನು ಆತ್ಮಹತ್ಯೆ ಮಾಡಿಕೊಂಡನು. ಈ ಆಟವೇ ಕಾರಣವೆಂದು ನಂಬಿದ ಅವನ ತಾಯಿ ಮರುವರ್ಷ ಆಟದ ವಿರುದ್ಧ ಸಂಘವೊಂದನ್ನು ಕಟ್ಟಿದಳು. ೧೯೮೫ರಲ್ಲಿ ‘ಸಿಕ್ಸ್‌ಟಿ ಮಿನಿಟ್ಸ್’ ಎಂಬ ದೂರದರ್ಶನ ಕಾರ್ಯಕ್ರಮದಲ್ಲಿ ಈ ಆರೋಪ ದೇಶಕ್ಕೆಲ್ಲ ಕೇಳಿಸಿತು. ಕ್ರೈಸ್ತ ಮತನಿಷ್ಠರಲ್ಲಿ ಅನೇಕರಿಗೆ ಆಟವು ಸೈತಾನನ ಆರಾಧನೆಯಾಗಿಯೇ ಕಂಡಿತು. ಆ ತಾಯಿಯ ದುಃಖವನ್ನು ನಾವು ಅಲ್ಲಗಳೆಯಲಾರೆವು. ಆದರೆ ದುಃಖವು ಪ್ರಮಾಣವಾಗಲಾರದು, ಆಟಕ್ಕೂ ಆತ್ಮಹತ್ಯೆಗೂ ಕಾರ್ಯಕಾರಣ ಸಂಬಂಧವು ಸಿದ್ಧವಾಗಲಿಲ್ಲ. ಹಾಗಿದ್ದೂ ಪ್ರಕಾಶಕರು ೧೯೮೯ರ ಎರಡನೆಯ ಆವೃತ್ತಿಯಿಂದ ಡೀಮನ್, ಡೆವಿಲ್ ಎಂಬ ಎರಡು ಹೆಸರುಗಳನ್ನೂ ತೆಗೆದುಹಾಕಿದರು. ೧೯೯೧ರಲ್ಲಿ ಆ ಜೀವಿಗಳೇ ಮರಳಿ ಬಂದುವು, ಆದರೆ ಮೊದಲನೆಯವು ‘ತನಾರಿ’, ಎರಡನೆಯವು ‘ಬಾಟೆಝು’ ಎಂಬ ಕಲ್ಪಿತ ನಾಮಗಳಿಂದ.

ಪುರಾಣದ ನಿಜವಾದ ಬೆಳವಣಿಗೆ ಇಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ. ಸೈತಾನನ ಬಳಗವೆಂದರೆ ಕ್ರೈಸ್ತ ದೇಶದ ಓದುಗನಿಗೆ ಬೇರೆ ಪೀಠಿಕೆ ಬೇಡ; ತನಾರಿಯೆಂದರೆ ಯಾರೆಂದು ಹೇಳಲೇಬೇಕು. ಆದುದರಿಂದ ಕೋಷ್ಟಕದ ವಿಭಾಗವಾಗಿದ್ದ ಕಟ್ಟಳೆ-ಅರಾಜಕತೆಗಳ ಭೇದವೇ ಈ ಎರಡು ಕುಲಗಳ ನಡುವಣ ‘ರಕ್ತಯುದ್ಧ’ವೆಂಬ ಅನಾದಿಕಾಲದ ಸಮರವಾಯಿತು, ೧೯೯೪ರಲ್ಲಿ ಬಂದ ‘ಪ್ಲೇನ್‌ಸ್ಕೇಪ್’ ಮಾಲೆಯಲ್ಲಿ ಅದು ಬಹುವಾಗಿ ವಿಸ್ತಾರಗೊಂಡಿತು. ೨೦೦೦ದ ಮೂರನೆಯ ಆವೃತ್ತಿಯಲ್ಲಿ ಹಳೆಯ ಹೆಸರುಗಳು ಹಿಂದಿರುಗಿದಾಗ, ಮರೆಮಾಚಲು ಸೃಷ್ಟಿಸಿದ್ದ ಹೆಸರುಗಳು ಲುಪ್ತವಾಗಬೇಕಿತ್ತಷ್ಟೆ. ಹಾಗಾಗಲಿಲ್ಲ. ತನಾರಿಯೆಂಬುದು ಡೀಮನ್‌ಗಳೊಳಗಿನ ಒಂದು ಕುಲವಾಗಿ ಉಳಿಯಿತು. ಒಂದು ಕುಲವಿದ್ದರೆ ಬೇರೆಯವೂ ಇರಬೇಕಲ್ಲವೆ? ೨೦೦೬ರ ‘ಫೀಂಡಿಶ್ ಕೋಡೆಕ್ಸ್’ ಗ್ರಂಥದ ಪ್ರಕಾರ ತನಾರಿಗಳಿಗಿಂತ ಮೊದಲು ಪಾತಾಳವನ್ನು ಆಳಿದವರು ‘ಓಬಿರಿತ್’ ಎಂಬ ಪ್ರಾಚೀನರು. ಅವರ ವಿರುದ್ಧ ದಂಗೆಯೆದ್ದು ತನಾರಿಗಳು ಮೇಲುಗೈ ಪಡೆದರಂತೆ. ೧೯೮೯ರ ವ್ಯಾಪಾರದ ಎಚ್ಚರಿಕೆಯೊಂದು ಹದಿನೇಳು ವರ್ಷಗಳಲ್ಲಿ ಪಾತಾಳದ ರಾಜವಂಶಚರಿತ್ರೆಯಾದ ಬಗೆ ಇದು. ಹೆಸರು ಮೊದಲು, ಕಥೆ ಅನಂತರ. ಸ್ಥಳಪುರಾಣಗಳಲ್ಲಿ ನಾವು ಊಹಿಸಬೇಕಾದುದನ್ನು ಇಲ್ಲಿ ಮುಖಪುಟದ ಇಸವಿಗಳಿಂದಲೇ ಸಾಧಿಸಬಹುದು.

ಎಲ್ಲೆಡೆಯೂ ಇಂಥ ಸಂಗತಿ ಕೂಡಿಬಂದಿತೆಂದಲ್ಲ. ಪುರುಷರನ್ನು ಮೋಹಗೊಳಿಸುವ ‘ಸಕ್ಯುಬಸ್’ ಮೊದಲು ಡೀಮನ್, ೨೦೦೮ರಲ್ಲಿ ಡೆವಿಲ್, ೨೦೧೪ರಲ್ಲಿ ಎರಡೂ ಅಲ್ಲ.

ಭಾರತೀಯ ವಾಚಕರಿಗೆ ಕುತೂಹಲಕರವಾದುದು ರಾಕ್ಷಸನ ವಿಷಯ. ೧೯೭೭ರ ಗ್ರಂಥದಲ್ಲಿಯೇ ‘ರಾಕ್ಷಸ’ ಎಂಬ ಹೆಸರಿನ ಜೀವಿಯೊಂದು ಭಾರತಮೂಲದ್ದೆಂಬ ವಿವರಣೆಯೊಡನೆ ಬರುತ್ತದೆ. ಚಿತ್ರದಲ್ಲಿ ಅದಕ್ಕೆ ಹುಲಿಯ ಮುಖ. ಮಂತ್ರಿಸಿದ ಅಡ್ಡಬಿಲ್ಲಿನ ಬಾಣದಿಂದ ಅದಕ್ಕೆ ಮರಣ. ವಾಲ್ಮೀಕಿಯಲ್ಲಿ ಇದನ್ನು ಹುಡುಕಿ ಫಲವಿಲ್ಲ. ಇದರ ನೇರ ಆಕರ ೧೯೭೪ರಲ್ಲಿ ಪ್ರಸಾರವಾದ ‘ಕೋಲ್‌ಚಾಕ್’ ಎಂಬ ಅಮೆರಿಕದ ದೂರದರ್ಶನ ಮಾಲೆಯ ಒಂದು ಕಂತು. ನಂಬಿದವರ ರೂಪ ತಾಳಿ ಹತ್ತಿರ ಬರುವ ರಾಕ್ಷಸನೂ ಆ ಬಾಣವೂ ಅಲ್ಲಿವೆ. ನಮ್ಮ ಸಾಹಿತ್ಯದಲ್ಲಿ ವಿಭೀಷಣನು ರಾಕ್ಷಸನಾಗಿಯೂ ಧರ್ಮಿಷ್ಠ. ನಾಗಚಂದ್ರನು ಅನುಸರಿಸಿದ ಜೈನ ರಾಮಾಯಣ ಸಂಪ್ರದಾಯದಲ್ಲಂತೂ ರಾಕ್ಷಸರೆಂಬುದು ವಿದ್ಯಾಧರರ ಒಂದು ವಂಶದ ಹೆಸರು. ಆಟದ ಕೋಷ್ಟಕದಲ್ಲಿ ಇಂಥ ಸಂದೇಹಕ್ಕೆ ಎಡೆಯಿರಲಿಲ್ಲ. ರಾಕ್ಷಸನು ಸ್ವಭಾವತಃ ದುಷ್ಟನೆಂದೇ ಗೊತ್ತುಮಾಡಲಾಯಿತು. ೨೦೧೪ರ ಆವೃತ್ತಿಯ ವೇಳೆಗೆ ಅವನ ಭಾರತಮೂಲವೂ ಹೋಗಿ, ಅವನು ಒಂಬತ್ತು ನರಕಗಳಲ್ಲಿ ಡೆವಿಲ್‌ಗಳಿಂದ ಹುಟ್ಟಿದವನಾದನು. ಬಾಣದ ಮಾತೂ ಅಲ್ಲಿಲ್ಲ. ಆದರೆ ಸಜ್ಜನರು ಹಿಡಿದ, ಮಂತ್ರಶಕ್ತಿಯುಳ್ಳ, ಚುಚ್ಚುವ ಆಯುಧಗಳಿಂದ ರಾಕ್ಷಸನಿಗೆ ಇಮ್ಮಡಿ ಪೆಟ್ಟಾಗುವುದೆಂಬ ನಿಯಮವೊಂದು ಆ ಆವೃತ್ತಿಯಲ್ಲಿ ಕಾರಣ ಹೇಳದೆ ಉಳಿದುಕೊಂಡಿತು.